ಮೊದಲ ಹಾವಿಗೆ ಗೂಡು ಸಿದ್ಧಪಡಿಸುವ ಕ್ರಮ

ಹಾವನ್ನು ಮನೆಗೆ ತರುವ ದಿನಕ್ಕಿಂತ ಕನಿಷ್ಠ ಒಂದು ವಾರ ಮೊದಲೇ ಅದರ ಗೂಡು ಪೂರ್ತಿ ಸಿದ್ಧವಾಗಿ, ದೀಪ ಉರಿಯುತ್ತ, ಬೆಚ್ಚಗಾಗಿ, ಖಾಲಿಯಾಗಿಯೇ ನಡೆಯುತ್ತಿರಬೇಕು. ಮಿಷಿಗನ್‌ನಲ್ಲಿ ನೆಲೆಸಿದ ಮೇಲೆ ಮಗಳ ಆಸೆಗೆ ಒಪ್ಪಿ ನಾವು ಒಂದು ಕಾರ್ನ್ ಹಾವನ್ನು ತಂದಾಗ ಈ ಕ್ರಮವನ್ನು ಪಾಲಿಸಲಿಲ್ಲ. ಹಾವು ಮತ್ತು ಪೆಟ್ಟಿಗೆ ಒಂದೇ ಸಂಜೆ, ಒಂದೇ ಕಾರಿನಲ್ಲಿ ಮನೆಗೆ ಬಂದವು. ಪೆಟ್ಟಿಗೆಯ ಜೊತೆಗೆ ಬಂದಿದ್ದ ಹೀಟ್ ಮ್ಯಾಟನ್ನು, ಅಂದರೆ ವಿದ್ಯುತ್ತಿನಿಂದ ಬಿಸಿಯಾಗುವ ತೆಳು ಹಾಳೆಯನ್ನು, ಅಡಿಗಾಜಿಗೆ ಅಂಟಿಸಿ, ಅದರ ತಂತಿಯನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೆವು. ಪಕ್ಕದ ಗಾಜಿಗೆ ಅಂಟಿಸಿದ್ದ ಮುಳ್ಳಿನ ಥರ್ಮಾಮೀಟರ್ 80 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದ್ದುದರಿಂದ ಎಲ್ಲವೂ ಸರಿಯಾಗಿದೆ ಎಂದೇ ತಿಳಿದೆವು. ಮೂರನೆಯ ದಿನ ಹಾವು ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ, ನೀರಿನ ಬಟ್ಟಲೊಳಗೆ ಸುರುಳಿ ಸುತ್ತಿಕೊಂಡು, ಮೂಗಿನ ತುದಿಯನ್ನಷ್ಟೇ ಹೊರಗಿಟ್ಟು ಕುಳಿತಿತ್ತು. ನೆರೆಮನೆಯಿಂದ ಎರವಲು ತಂದ ಇನ್‌ಫ್ರಾರೆಡ್ ಥರ್ಮಾಮೀಟರನ್ನು, ಮರದ ಹೊಟ್ಟನ್ನು ಬದಿಗೆ ಸರಿಸಿ, ಮ್ಯಾಟಿನ ಮೇಲಿನ ಗಾಜಿಗೆ ಹಿಡಿದಾಗ ಅದು ತೋರಿಸಿದ್ದು 112. ಹಾವಿನ ಹೊಟ್ಟೆ ಸುಡಲಿಲ್ಲ ಎಂಬುದು ನಮ್ಮ ಪುಣ್ಯ. ಅಂದಿನಿಂದ ಇಂದಿನವರೆಗೆ ನಾನು ಕಲಿತದ್ದನ್ನು, ಇದೇ ದಾರಿಯಲ್ಲಿರುವ ಬೇರೆ ಕನ್ನಡದ ಮನೆಗಳಿಗಾಗಿ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಗೆದ್ದಲು ಕಟ್ಟಿದ ಹುತ್ತವನ್ನು ಹಾವು ಸೇರಿಕೊಳ್ಳುವುದನ್ನು ನಮ್ಮ ಊರುಗಳಲ್ಲಿ ಎಲ್ಲರೂ ಬಲ್ಲರು. ಹೊರಗೆ ಬಿಸಿಲು ಸುಡುತ್ತಿದ್ದರೂ ಮಳೆ ಹೊಯ್ಯುತ್ತಿದ್ದರೂ ಹುತ್ತದೊಳಗಿನ ತಾಪ ಮತ್ತು ತೇವ ಅಷ್ಟಾಗಿ ಏರಿಳಿಯುವುದಿಲ್ಲ. ಹಾವು ತನ್ನ ಮೈಯ ಬಿಸಿಯನ್ನು ನಮ್ಮಂತೆ ತಾನೇ ಹುಟ್ಟಿಸಿಕೊಳ್ಳಲಾರದು. ಚಳಿಯಾದಾಗ ಬಿಸಿಯ ಕಡೆಗೆ, ಬಿಸಿ ಹೆಚ್ಚಾದಾಗ ತಂಪಿನ ಕಡೆಗೆ ಸರಿದು ಅದನ್ನು ಹೊಂದಿಸಿಕೊಳ್ಳುತ್ತದೆ. ಹೀಗಾಗಿ ಗೂಡು ಮಾಡುವವರು ಒಂದೇ ಪೆಟ್ಟಿಗೆಯಲ್ಲಿ ಬಿಸಿಯ ತುದಿಯನ್ನೂ ತಂಪಿನ ತುದಿಯನ್ನೂ ನಿರ್ಮಿಸಿ, ಎರಡರಲ್ಲೂ ಅಡಗಲು ಜಾಗ ಕೊಡಬೇಕು. ಬೆಚ್ಚಗಿರಬೇಕೆಂದರೆ ಬಚ್ಚಿಟ್ಟುಕೊಳ್ಳುವಂತಿಲ್ಲ, ಬಚ್ಚಿಟ್ಟುಕೊಂಡರೆ ಬೆಚ್ಚಗಿರುವಂತಿಲ್ಲ ಎಂಬ ಇಕ್ಕಟ್ಟಿಗೆ ಸಿಕ್ಕ ಹಾವು ಸಾಮಾನ್ಯವಾಗಿ ಬಚ್ಚಿಟ್ಟುಕೊಳ್ಳುವುದನ್ನೇ ಆರಿಸಿಕೊಂಡು, ಚಳಿಯಲ್ಲೇ ಉಳಿದು, ತಿಂದದ್ದು ಅರಗದೆ ಕಾಯಿಲೆ ಬೀಳುತ್ತದೆ. ಮುಂದೆ ಹೇಳುವ ಅಳತೆಗಳೆಲ್ಲ ಈ ಇಕ್ಕಟ್ಟನ್ನು ತಪ್ಪಿಸುವುದಕ್ಕಾಗಿಯೇ ಇವೆ.

ಯಾವ ಹಾವು, ಯಾವ ಕಾನೂನು

ಮೊದಲ ಸಲ ಸಾಕುವವರಿಗೆ ನಾನು ಸೂಚಿಸುವುದು ಕಾರ್ನ್ ಹಾವನ್ನೇ. ಇದು ಅಮೆರಿಕದ ಆಗ್ನೇಯ ಭಾಗದ, ವಿಷವಿಲ್ಲದ, ಇಲಿಗಳನ್ನು ಸುತ್ತಿ ಬಿಗಿದು ತಿನ್ನುವ ಹಾವು. ಮೆಕ್ಕೆಜೋಳದ ಕಣಜಗಳಿಗೆ ಇಲಿ ಹುಡುಕಿಕೊಂಡು ಬರುತ್ತಿದ್ದುದರಿಂದ ಈ ಹೆಸರು ಬಂತೆಂದು ಕೆಲವರೂ, ಹೊಟ್ಟೆಯ ಮೇಲಿನ ಕಪ್ಪುಬಿಳಿ ಚೌಕಗಳು ಜೋಳದ ಕಾಳಿನ ಸಾಲಿನಂತೆ ಕಾಣುವುದರಿಂದ ಬಂತೆಂದು ಕೆಲವರೂ ಹೇಳುತ್ತಾರೆ. ನಮ್ಮ ಗದ್ದೆ, ಕಣಗಳ ಕೇರೆ ಹಾವು ರೈತನಿಗೆ ಮಾಡುವ ಉಪಕಾರವನ್ನೇ ಇದು ಅಲ್ಲಿ ಮಾಡುತ್ತದೆ. ಬೆಳೆದ ಹಾವು ಸಾಮಾನ್ಯವಾಗಿ 3ರಿಂದ 5 ಅಡಿ ಉದ್ದವಿರುತ್ತದೆ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ. ಇಂದು ಹನ್ನೆರಡು ವರ್ಷದ ಮಗು ಕಾಲೇಜು ಮುಗಿಸಿ ಬೇರೆ ಊರಿಗೆ ಹೋದ ಮೇಲೂ ಹಾವು ನಿಮ್ಮ ಮನೆಯಲ್ಲೇ ಇರುತ್ತದೆ ಎಂಬುದನ್ನು ಗಂಡ ಹೆಂಡತಿ ಕುಳಿತು ಮಾತಾಡಿ ಒಪ್ಪಿಕೊಂಡ ಮೇಲೆಯೇ ಮುಂದುವರಿಯಬೇಕು.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹವಾಯಿಯಲ್ಲಿ ಯಾವ ಹಾವನ್ನೂ ಮನೆಯಲ್ಲಿ ಸಾಕುವಂತಿಲ್ಲ. ಜಾರ್ಜಿಯಾದಲ್ಲಿ ಕಾರ್ನ್ ಹಾವು ಅಲ್ಲಿನ ನೆಲದ್ದೇ ಆದ್ದರಿಂದ ಅದನ್ನು ಸಾಕುವುದಕ್ಕೆ ನಿಷೇಧವಿದೆ. ರಾಜ್ಯ, ನಗರ, ಬಾಡಿಗೆಯ ಕರಾರು ಮೂರನ್ನೂ ಓದಿ ನೋಡಿ. ಭಾರತದಲ್ಲಿರುವ ಓದುಗರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇರೆ, ನಾಗರ, ಹೆಬ್ಬಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಅಳಿವಿನ ಭಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನ್‌ನಂತಹ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹಿತ್ತಿಲಿನಲ್ಲಿ ಕಂಡ ಹಾವನ್ನು ಡಬ್ಬಿಗೆ ಹಾಕಿಕೊಳ್ಳುವ ಯೋಚನೆ ಯಾವ ದೇಶದಲ್ಲಿದ್ದರೂ ಬೇಡ. ಸಾಕಿದ ಹಾವುಗಳಿಗೇ ಹುಟ್ಟಿದ, ಹೆಪ್ಪುಗಟ್ಟಿಸಿ ಕರಗಿಸಿದ ಇಲಿಯನ್ನು ತಿನ್ನುವ ಅಭ್ಯಾಸವಾದ, ಸುಮಾರು ಒಂದು ವರ್ಷದ ಮರಿಯನ್ನು ಕೇಳಿ ಪಡೆಯಿರಿ.

ಪೆಟ್ಟಿಗೆ ಮತ್ತು ಅದನ್ನಿಡುವ ಜಾಗ

ಬಹಳ ಕಾಲ 20 ಗ್ಯಾಲನ್ನಿನ, ಅಂದರೆ 30 ಅಂಗುಲ ಉದ್ದ, 12 ಅಂಗುಲ ಅಗಲದ ಗಾಜಿನ ಪೆಟ್ಟಿಗೆ ಬೆಳೆದ ಹಾವಿಗೂ ಸಾಕೆಂದು ಹೇಳಲಾಗುತ್ತಿತ್ತು. ನಾಲ್ಕೂವರೆ ಅಡಿಯ ಹಾವು ಅದರಲ್ಲಿ ಒಮ್ಮೆಯೂ ಮೈ ನೀಡಿ ಮಲಗಲಾರದು. ಇಂದು ಅನುಭವಿಗಳು ಒಪ್ಪುವ ಅಳತೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಅದು ಸುಮಾರು 120 ಗ್ಯಾಲನ್ನಿಗೆ ಸಮ. ಮರಿಯನ್ನು ನೇರವಾಗಿ ಇಷ್ಟು ದೊಡ್ಡ ಗೂಡಿಗೆ ಬಿಡಬಹುದೇ ಎಂಬುದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಅಡಗುತಾಣಗಳು ಒತ್ತೊತ್ತಾಗಿದ್ದರೆ ಮರಿಗೆ ದೊಡ್ಡ ಗೂಡಿನಿಂದ ತೊಂದರೆಯಿಲ್ಲ. ಆದರೂ ಇದೇ ಮೊದಲ ಹಾವು ಎಂಬುವವರು ಮೊದಲ ಒಂದು ವರ್ಷ ಚಿಕ್ಕ ಪೆಟ್ಟಿಗೆಯಲ್ಲಿಡುವುದೇ ಮೇಲೆಂದು ನನ್ನ ಅನಿಸಿಕೆ. ಇನ್ನೂ ತೆಳ್ಳಗಿರುವ ಮರಿ ತಿಂದಿತೋ ಇಲ್ಲವೋ, ಎಲ್ಲಿದೆ, ಹೇಗಿದೆ ಎಂಬುದು ದಿನವೂ ಕಣ್ಣಿಗೆ ಬೀಳುವುದು ಹೊಸಬರಿಗೆ ದೊಡ್ಡ ಸಹಾಯ.

ಬಾಗಿಲು ಮುಂದುಗಡೆ ತೆರೆಯುವಂತಿರಲಿ. ಹಾವನ್ನು ಹಿಡಿಯುವ ಹದ್ದು ಮೇಲಿನಿಂದ ಎರಗುತ್ತದೆ; ಮುಚ್ಚಳ ತೆಗೆದು ಮೇಲಿನಿಂದ ಇಳಿಯುವ ಕೈಯೂ ಹಾವಿಗೆ ಹಾಗೆಯೇ ತೋರುತ್ತದೆ. ಗಾಜಿನ ಪೆಟ್ಟಿಗೆಗಿಂತ ಪಿವಿಸಿ ಹಲಗೆಯ ಗೂಡು ಬಿಸಿಯನ್ನೂ ತೇವವನ್ನೂ ಹೆಚ್ಚು ಹೊತ್ತು ಹಿಡಿದಿಡುತ್ತದೆ. ಹೊರಗೆ ಹಿಮ ಬಿದ್ದು ಒಳಗೆ ಹೀಟರ್ ಓಡುವ ಊರುಗಳಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಸರಿಯುವ ಗಾಜಿನ ಬಾಗಿಲುಗಳಿದ್ದರೆ ಎರಡು ಗಾಜುಗಳ ನಡುವೆ ಉಳಿಯುವ ಸಂದನ್ನು ಬೆರಳಿನಿಂದ ಮುಟ್ಟಿ ನೋಡಿ. ತಲೆ ತೂರುವ ಸಂದಿನಲ್ಲಿ ಉಳಿದ ಮೈಯೂ ತೂರುತ್ತದೆ. ಆ ಸಂದಿಗೆ ಪಾರದರ್ಶಕ ಪಟ್ಟಿಯನ್ನು ಹೊಂದಿಸಿ, ಬಾಗಿಲಿಗೆ ಬೀಗ ಹಾಕಿ. ತಂತಿ ಒಳಹೋಗುವ ತೂತುಗಳನ್ನೂ ತಂತಿಯಷ್ಟೇ ಬಿಟ್ಟು ಮುಚ್ಚಿ. ಕಾರ್ನ್ ಹಾವು ತಪ್ಪಿಸಿಕೊಳ್ಳುವುದರಲ್ಲಿ ನಿಪುಣ. ರಾತ್ರಿಯಿಡೀ ಅಂಚುಗಳನ್ನು ಮೂಗಿನಿಂದ ಒತ್ತಿ ಒತ್ತಿ ಪರೀಕ್ಷಿಸುತ್ತದೆ.

ಗೂಡನ್ನು ಕಿಟಕಿಯ ಬಿಸಿಲು ಬೀಳುವಲ್ಲಿ ಇಡಬೇಡಿ, ಗಾಜಿನ ಪೆಟ್ಟಿಗೆ ಬಿಸಿಲಿಗೆ ಒಲೆಯಾಗುತ್ತದೆ. ಅಡುಗೆಮನೆಯೂ ಬೇಡ. ಗೂಡು ತುಂಬಿದ ಮೇಲೆ ಬಹಳ ಭಾರವಾಗುವುದರಿಂದ ಅದನ್ನು ಹೊರುವ ಗಟ್ಟಿ ಮೇಜು ಬೇಕು. ಒಂದು ಗೂಡಿನಲ್ಲಿ ಒಂದೇ ಹಾವು. ಜೊತೆಗೊಂದಿರಲಿ ಎಂಬ ಕನಿಕರದಿಂದ ಎರಡನ್ನು ಇಟ್ಟರೆ ಒಂದು ಇನ್ನೊಂದನ್ನು ನುಂಗಿಬಿಡುವ ಸಾಧ್ಯತೆಯೂ ಇದೆ.

ಬಿಸಿ ಮತ್ತು ತಂಪು

ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಬಿಸಿಯ ತುದಿಯಲ್ಲಿ ಹಾವು ಮೈಯೊಡ್ಡುವ ನೆಲ 29ರಿಂದ 31 ಡಿಗ್ರಿ ಸೆಲ್ಸಿಯಸ್, ಅಂದರೆ 85ರಿಂದ 88 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ತಂಪಿನ ತುದಿ 22ರಿಂದ 26 ಡಿಗ್ರಿ ಸೆಲ್ಸಿಯಸ್, ಅಂದರೆ 72ರಿಂದ 78 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ರಾತ್ರಿ ಇಡೀ ಗೂಡು 20 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದರೆ ಆರೋಗ್ಯವಾಗಿರುವ ಹಾವಿಗೆ ತೊಂದರೆಯಿಲ್ಲ, ಕಾಡಿನಲ್ಲಿಯೂ ರಾತ್ರಿ ತಂಪಾಗುತ್ತದೆ. ಬಿಸಿಯ ಮೂಲವನ್ನು ಒಂದೇ ತುದಿಗೆ ಇಡಬೇಕು. ನಡುವಿನಲ್ಲಿಟ್ಟರೆ ಎರಡು ತುದಿಗಳೂ ಒಂದೇ ರೀತಿ ಬೆಚ್ಚಗಾಗಿ ಹಾವಿಗೆ ಸರಿದು ಹೋಗಲು ತಂಪಾದ ಜಾಗವೇ ಉಳಿಯುವುದಿಲ್ಲ.

ಎರಡಡಿ ಎತ್ತರದ ಗೂಡಿಗೆ ಮೇಲಿನಿಂದ ಹ್ಯಾಲೊಜೆನ್ ದೀಪದ ಬಿಸಿ ಒಳ್ಳೆಯದು. ಸೂರ್ಯನ ಹಾಗೆ ಅದು ಕೆಳಗಿನ ಕಲ್ಲನ್ನೂ ಹಾವಿನ ಬೆನ್ನನ್ನೂ ಕಾಯಿಸುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಕೋಣೆ ತೀರಾ ತಣ್ಣಗಾಗುವ ಮನೆಗಳಲ್ಲಿ ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರನ್ನು ಸೇರಿಸಬಹುದು. ರಾತ್ರಿಗೆಂದು ಮಾರುವ ಕೆಂಪು ದೀಪ ಬೇಡ, ಅದೂ ಬೆಳಕೇ. ಗೂಡಿನ ಒಳಗಡೆ ದೀಪವಿದ್ದರೆ ಅದರ ಸುತ್ತ ತಂತಿಯ ಬಲೆ ಇರಲೇಬೇಕು, ಏಕೆಂದರೆ ಹಾವು ಹತ್ತಿ ಬಿಸಿ ಬಲ್ಬಿಗೆ ಸುತ್ತಿಕೊಂಡು ಸುಟ್ಟುಕೊಂಡರೂ ಬೇಗ ಬಿಟ್ಟು ಸರಿಯುವುದಿಲ್ಲ. ಚಿಕ್ಕ ಪೆಟ್ಟಿಗೆಗೆ ಹೀಟ್ ಮ್ಯಾಟ್ ಸಾಕು. ಅದು ನೆಲದ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚನ್ನು ಆವರಿಸಬಾರದು, ಅದರ ಮೇಲೆ ನೆಲಹಾಸು ತೆಳ್ಳಗಿರಬೇಕು. ಒಳಗೆ ಬಿಸಿಯಾಗುವ ಕೃತಕ ಕಲ್ಲುಗಳನ್ನು ಮಾತ್ರ ಯಾರು ಹೇಳಿದರೂ ಕೊಳ್ಳಬೇಡಿ. ಅವು ಅಲ್ಲಲ್ಲಿ ಸುಡುವಷ್ಟು ಕಾಯುತ್ತವೆ.

ಯಾವ ಹೀಟರ್ ಆದರೂ ಥರ್ಮೋಸ್ಟಾಟ್, ಅಂದರೆ ತಾಪವನ್ನು ಅಳೆದು ಹೀಟರನ್ನು ತಾನಾಗಿಯೇ ಹತೋಟಿಯಲ್ಲಿಡುವ ಸಾಧನದ ಮೂಲಕವೇ ನಡೆಯಬೇಕು. ನಮ್ಮ ಮನೆಯಲ್ಲಿ ತಪ್ಪಿದ್ದು ಇದೇ. ಮ್ಯಾಟಿಗೆ ಸಾಮಾನ್ಯ ಆನ್-ಆಫ್ ಥರ್ಮೋಸ್ಟಾಟ್ ಸಾಕು, ದೀಪಕ್ಕೆ ಬೆಳಕನ್ನು ಮೆಲ್ಲಗೆ ಏರಿಳಿಸುವ ಡಿಮ್ಮರ್ ಮಾದರಿ ಬೇಕು. ಥರ್ಮೋಸ್ಟಾಟಿನ ತಂತಿಯ ತುದಿಯಲ್ಲಿರುವ, ತಾಪ ಅಳೆಯುವ ಪ್ರೋಬನ್ನು ಹಾವು ನಿಜವಾಗಿ ಮಲಗುವ ಜಾಗದಲ್ಲಿ ಭದ್ರವಾಗಿ ಕೂರಿಸಿ. ಮ್ಯಾಟ್ ಇದ್ದರೆ ಪ್ರೋಬನ್ನು ನೆಲಹಾಸಿನ ಅಡಿಯಲ್ಲಿ, ಗಾಜಿನ ಮೇಲೆ ಇಡಬೇಕು, ಏಕೆಂದರೆ ಕಾರ್ನ್ ಹಾವು ಬಿಲ ತೋಡುತ್ತ ಗಾಜನ್ನು ಮುಟ್ಟಿಯೇ ಮುಟ್ಟುತ್ತದೆ. ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ಗಾಳಿಯ ತಾಪವನ್ನೂ ಸರಿಯಾಗಿ ಹೇಳದು, ನೆಲದ ತಾಪವನ್ನಂತೂ ಹೇಳುವುದೇ ಇಲ್ಲ. ಎರಡು ತುದಿಗೂ ಒಂದೊಂದು ಡಿಜಿಟಲ್ ಥರ್ಮಾಮೀಟರ್, ಕೈಗೊಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಹಗಲು ಹನ್ನೆರಡು ತಾಸು ಬೆಳಕು, ರಾತ್ರಿ ಹನ್ನೆರಡು ತಾಸು ಕತ್ತಲೆ ಬರುವಂತೆ ಟೈಮರ್ ಇಡಿ. ಕಡಿಮೆ ಪ್ರಮಾಣದ ಯುವಿಬಿ, ಅಂದರೆ ಬಿಸಿಲಿನಲ್ಲಿರುವಂತಹ ನೇರಳಾತೀತ ಬೆಳಕಿಲ್ಲದೆಯೂ ಈ ಹಾವು ಬದುಕುತ್ತದೆ, ಇದ್ದರೆ ಒಳ್ಳೆಯದು.

ಅಡಗುತಾಣ, ನೆಲಹಾಸು, ನೀರು

ಕನಿಷ್ಠ ಎರಡು ಅಡಗುತಾಣಗಳು ಬೇಕು. ಬಿಸಿಯ ತುದಿಯಲ್ಲಿ ಒಂದು, ತಂಪಿನ ತುದಿಯಲ್ಲಿ ಇನ್ನೊಂದು, ಎರಡೂ ಒಂದೇ ಬಗೆಯವು. ಸುರುಳಿ ಸುತ್ತಿ ಕುಳಿತ ಹಾವಿನ ಮೈ ಎರಡು ಬದಿಯ ಗೋಡೆಗೂ ಬೆನ್ನು ಚಾವಣಿಗೂ ತಾಗುವಷ್ಟು ಇಕ್ಕಟ್ಟಾಗಿದ್ದರೆ ಮಾತ್ರ ಹಾವಿಗೆ ಅಲ್ಲಿ ನೆಮ್ಮದಿ. ನೋಡಲು ಚೆಂದವಾದ, ವಿಶಾಲವಾದ ಗುಹೆಗಳನ್ನು ಕೊಂಡು ಹಣ ಕಳೆಯಬೇಡಿ. ಅಂಚು ಉಜ್ಜಿ ನಯಮಾಡಿದ ಮಣ್ಣಿನ ಕುಂಡವನ್ನು ಬೋರಲು ಹಾಕಿ, ಹಾವು ನುಸುಳುವಷ್ಟು ಬಾಯಿ ಬಿಟ್ಟರೂ ಸಾಕು. ಹಾವು ಬೆಳೆದಂತೆ ಅಡಗುತಾಣವನ್ನೂ ಬದಲಿಸಬೇಕು. ಎರಡು ತುದಿಗಳ ನಡುವೆ ಮರದ ತೊಗಟೆ, ಕೃತಕ ಎಲೆಗಳು, ಬಿದ್ದ ಕೊಂಬೆಗಳನ್ನು ಹರಡಿದರೆ ಒಂದರಿಂದ ಇನ್ನೊಂದಕ್ಕೆ ಮರೆಯಲ್ಲೇ ಹೋಗಬಹುದು. ಕಾರ್ನ್ ಹಾವಿಗೆ ಹತ್ತುವುದು ಬಹಳ ಇಷ್ಟ. ಹಾವಿನ ಭಾರಕ್ಕೆ ಅಲುಗದಂತೆ ಒಂದೆರಡು ಕೊಂಬೆಗಳನ್ನು ಓರೆಯಾಗಿ ಬಿಗಿಯಿರಿ. ಹೊರಗಿನಿಂದ ತಂದವಾದರೆ ಕುದಿಯುವ ನೀರೆರೆದು ಉಜ್ಜಿ ಪೂರ್ತಿ ಒಣಗಿಸಿ.

ನೆಲಹಾಸಿಗೆ ಆಸ್ಪೆನ್ ಮರದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿ ಯೋಗ್ಯ. ಮೇಲಿನಿಂದ ಬಿಸಿ ಕೊಡುವ ಗೂಡಿನಲ್ಲಿ ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹಾಸಿದರೆ ಹಾವು ಅದರೊಳಗೆ ಸುರಂಗ ಮಾಡಿಕೊಳ್ಳುತ್ತದೆ. ಆಸ್ಪೆನ್ ಹೊಟ್ಟು ಸುರಂಗದ ಆಕಾರವನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಒದ್ದೆಯಾದರೆ ಬೂಸು ಹಿಡಿಯುತ್ತದೆ. ತೆಂಗಿನ ಪುಡಿ ತೇವವನ್ನು ಸಹಿಸುತ್ತದೆ. ಸೀಡರ್ ಮತ್ತು ಪೈನ್ ಹೊಟ್ಟು ಖಂಡಿತ ಬೇಡ. ಅವುಗಳ ಪರಿಮಳದ ಎಣ್ಣೆಯೇ ಹಾವಿನ ಉಸಿರಾಟಕ್ಕೆ ಹಾನಿಕರ.

ಮಗುಚದಷ್ಟು ಭಾರದ, ಹಾವು ಇಡಿಯಾಗಿ ಇಳಿದು ಕೂರಬಹುದಾದಷ್ಟು ಅಗಲದ ನೀರಿನ ಬಟ್ಟಲನ್ನು ತಂಪಿನ ಕಡೆ ಇಟ್ಟು ನೀರನ್ನು ದಿನವೂ ಬದಲಿಸಿ. ಗಾಳಿಯ ತೇವ 40ರಿಂದ 60 ಶೇಕಡಾ ಇರಲಿ. ಚಳಿಗಾಲದಲ್ಲಿ ಹೀಟರ್ ಓಡುವ ಮನೆಗಳಲ್ಲಿ ಇದು ತೀರಾ ಇಳಿಯುತ್ತದೆ. ಆಗ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು, ಒಳಗೆ ಹಿಂಡಿದ ಒದ್ದೆ ಪಾಚಿಯನ್ನು (ಮಾಸ್) ತುಂಬಿ, ಮೂರನೆಯ ಅಡಗುತಾಣವಾಗಿ ಇಡಿ. ಪೊರೆ ಬಿಡುವ ದಿನಗಳಲ್ಲಿ ಹಾವು ತಾನಾಗಿಯೇ ಅದರೊಳಗೆ ಸೇರುತ್ತದೆ. ಇಡೀ ಗೂಡನ್ನು ತೋಯಿಸುವುದು ಮಾತ್ರ ತಪ್ಪು, ತೇವದ ಜೊತೆ ಚಳಿಯೂ ಸೇರಿದರೆ ಶ್ವಾಸಕೋಶದ ಸೋಂಕು ಬರುತ್ತದೆ.

ಆಹಾರದ ಏರ್ಪಾಡು

ಸಸ್ಯಾಹಾರಿ ಮನೆಗಳಲ್ಲಿ ಗೂಡಿನಷ್ಟೇ ಮುಖ್ಯವಾದ ಪ್ರಶ್ನೆ ಇದು, ಮತ್ತು ಹಾವು ಬರುವ ಮೊದಲೇ ಇತ್ಯರ್ಥವಾಗಬೇಕು. ಕಾರ್ನ್ ಹಾವು ಇಡೀ ಇಲಿಯನ್ನು ತಿನ್ನುತ್ತದೆ, ಅದಕ್ಕೆ ಬದಲಿಯಿಲ್ಲ. ಹೆಪ್ಪುಗಟ್ಟಿಸಿದ ಇಲಿಗಳನ್ನು ಇಡಲು ನಾವು ಗ್ಯಾರೇಜಿನಲ್ಲಿ ಬೇರೆಯೇ ಒಂದು ಪುಟ್ಟ ಫ್ರೀಜರ್ ಇಟ್ಟಿದ್ದೇವೆ. ಅದರ ಪಾತ್ರೆ, ಚಿಮುಟ, ಬಕೆಟ್ಟು ಯಾವುದೂ ಅಡುಗೆಮನೆಗೆ ಬರುವುದಿಲ್ಲ. ಊರಿನಿಂದ ನನ್ನ ತಾಯಿ ಬಂದಿದ್ದಾಗ ನಾಗರಪಂಚಮಿಯ ಬೆಳಿಗ್ಗೆ ಬೆಳ್ಳಿಯ ಲೋಟದಲ್ಲಿ ಹಾಲು ಹಿಡಿದು ಗೂಡಿನ ಮುಂದೆ ನಿಂತಿದ್ದರು. ಹಾವಿನ ಹೊಟ್ಟೆಗೆ ಹಾಲು ಅರಗುವುದಿಲ್ಲ, ಬಾಯಾರಿದ ಹಾವು ನೀರೆಂದು ಕುಡಿದರೂ ಕಾಯಿಲೆ ಬೀಳುತ್ತದೆ ಎಂದು ವಿವರಿಸಿದಾಗ ಅವರು ಒಂದು ಕ್ಷಣ ಯೋಚಿಸಿ, ದೇವರ ಮನೆಯ ನಾಗಪ್ಪನಿಗೆ ಹಾಲೆರೆದು ಬಂದು, ಗೂಡಿನ ಬಟ್ಟಲಿನ ನೀರನ್ನು ತಾವೇ ಬದಲಿಸಿದರು. ಅದಾದ ಮೇಲೆ ಇಲಿಯ ವಿಷಯದಲ್ಲಿಯೂ ಅವರು ಬೇಸರಿಸಿಕೊಳ್ಳಲಿಲ್ಲ.

ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗಕ್ಕೆ ಸಮ ಅಥವಾ ಅದರ ಒಂದೂವರೆ ಪಟ್ಟು ಇರಲಿ. ಮರಿಗೆ 5ರಿಂದ 7 ದಿನಕ್ಕೊಮ್ಮೆ, ಬೆಳೆದ ಹಾವಿಗೆ 10ರಿಂದ 14 ದಿನಕ್ಕೊಮ್ಮೆ ಸಾಕು. ಹಿಂದಿನ ರಾತ್ರಿ ಇಲಿಯನ್ನು ಚೀಲದಲ್ಲಿಟ್ಟು ತಣ್ಣನೆಯ ಜಾಗದಲ್ಲಿ ಕರಗಿಸಿ, ಕೊಡುವ ಮುನ್ನ ಬಿಸಿನೀರಿನಲ್ಲಿ ಚೀಲವನ್ನು ಅದ್ದಿ ಬೆಚ್ಚಗೆ ಮಾಡಬೇಕು; ಮೈಕ್ರೋವೇವ್ ಬಳಸಬೇಡಿ. ಕೈಯಿಂದ ಕೊಟ್ಟರೆ ಕೈಯೇ ಆಹಾರವೆಂದು ಹಾವು ಕಲಿಯುವುದರಿಂದ ಉದ್ದನೆಯ ಚಿಮುಟವನ್ನೇ ಬಳಸಿ.

ಖಾಲಿ ಗೂಡಿನ ಒಂದು ವಾರ

ಎಲ್ಲವನ್ನೂ ಜೋಡಿಸಿದ ಮೇಲೆ ಹೀಟರ್ ಹಾಕಿ, ಒಂದು ಪುಸ್ತಕದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುನ್ನ ಎರಡೂ ತುದಿಯ ತಾಪವನ್ನೂ ತೇವವನ್ನೂ ಬರೆಯಿರಿ. ಈ ಕೆಲಸವನ್ನು ಮಗುವಿಗೇ ವಹಿಸಿ. ಏಳು ದಿನ ತಪ್ಪದೆ ಬರೆಯಲಾಗದ ಮಗುವಿಗೆ ಹಾವು ಇನ್ನೂ ಸ್ವಲ್ಪ ಕಾಯಬಹುದು. ಬಿಸಿಯ ತುದಿ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಥರ್ಮೋಸ್ಟಾಟನ್ನು ಇಳಿಸಿ, ತಂಪಿನ ತುದಿ 80 ದಾಟಿದರೆ ದೀಪವನ್ನು ಇನ್ನಷ್ಟು ಮೂಲೆಗೆ ಸರಿಸಿ. ಪ್ರತಿ ಬದಲಾವಣೆಯ ನಂತರ ಒಂದು ಇಡೀ ದಿನ ಕಾದು ನೋಡಬೇಕು, ಗಂಟೆಗೊಮ್ಮೆ ತಿರುಗಿಸುತ್ತ ಹೋದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಇದೇ ವಾರದಲ್ಲಿ ಸರೀಸೃಪಗಳನ್ನು ನೋಡುವ ಪಶುವೈದ್ಯರನ್ನು ಹುಡುಕಿ ಅವರ ವಿಳಾಸವನ್ನು ಬರೆದಿಟ್ಟುಕೊಳ್ಳಿ. ನಾಯಿ, ಬೆಕ್ಕುಗಳ ವೈದ್ಯರೆಲ್ಲರೂ ಹಾವನ್ನು ನೋಡುವುದಿಲ್ಲ.

ಹಾವು ಬಂದ ಮೇಲೆ

ತಂದ ಡಬ್ಬಿಯ ಬಾಯಿಯನ್ನು ಗೂಡಿನೊಳಗೆ ತೆರೆದಿಟ್ಟು, ಅದಾಗಿಯೇ ಹೊರಬರಲು ಬಿಡಿ. ಒಂದು ವಾರ ಮುಟ್ಟಬೇಡಿ, ನೆಂಟರಿಗೆ ತೋರಿಸಬೇಡಿ. ನೀರು ಬದಲಿಸುವುದಷ್ಟೇ ಕೆಲಸ. ಏಳನೆಯ ದಿನ ಮೊದಲ ಇಲಿಯನ್ನು ಕೊಡಿ. ನಮ್ಮ ಹಾವು ಆ ದಿನ ಕುಂಡದ ಬಾಯಿಯಿಂದ ತಲೆಯನ್ನಷ್ಟೇ ಹೊರಗಿಟ್ಟು, ನಾಲಿಗೆಯನ್ನು ಮೆಲ್ಲಗೆ, ಆಮೇಲೆ ಬೇಗ ಬೇಗ ಆಡಿಸಿ, ಕಣ್ಣು ಪಿಳುಕಿಸುವಷ್ಟರಲ್ಲಿ ಚಿಮುಟದಿಂದ ಕಿತ್ತುಕೊಂಡು ಒಳಗೆ ಎಳೆದುಕೊಂಡಿತು. ತಿಂದ ಮೇಲೆ 48 ತಾಸಿನೊಳಗೆ ಮುಟ್ಟಿದರೆ ಕಕ್ಕಿಬಿಡಬಹುದು. ತಿನ್ನದಿದ್ದರೆ ಇಲಿಯನ್ನು ತೆಗೆದುಬಿಟ್ಟು, ತಾಪವನ್ನು ಇನ್ನೊಮ್ಮೆ ಅಳೆದು, ಮುಂದಿನ ವಾರ ಪ್ರಯತ್ನಿಸಿ.

ಹಾವಿನ ಮೈಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಹಾವಿಗೆ ಅದರಿಂದ ಏನೂ ಆಗದಿದ್ದರೂ ನಮಗೆ ಆಗುತ್ತದೆ. ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯಬೇಕು. ಬಟ್ಟಲುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳೂ 65 ದಾಟಿದ ಹಿರಿಯರೂ ಹಾವನ್ನು ಮುಟ್ಟದಿರುವುದು ಕ್ಷೇಮ. ನನ್ನ ತಾಯಿಗೂ ಆ ಬಟ್ಟಲನ್ನು ಮುಟ್ಟಿದೊಡನೆ ಕೈ ತೊಳೆಸಿದ್ದೆವು. ಹೊಲಸನ್ನು ಕಂಡ ತಕ್ಷಣ ತೆಗೆದು, ನೆಲಹಾಸನ್ನು ತಿಂಗಳಿಗೊಮ್ಮೆ ಪೂರ್ತಿ ಬದಲಿಸಿ, ಗೂಡನ್ನು ತೊಳೆದು ಒಣಗಿಸಿ. ನೀರಿನ ಬಟ್ಟಲ ತಳದಲ್ಲಿ ಕರಿಯ ಚುಕ್ಕೆಗಳಂತಹ ನುಸಿಗಳು ಕಂಡರೆ, ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ ಆ ದಿನವೇ ವೈದ್ಯರಲ್ಲಿಗೆ ಒಯ್ಯಬೇಕು.

ಕೆಲವು ವಾರಗಳಲ್ಲಿ ಹಾವಿನ ಕಣ್ಣು ನೀಲಿಬಣ್ಣಕ್ಕೆ ತಿರುಗಿ, ಮೈ ಮಂಕಾಗುತ್ತದೆ. ಅದು ಕಾಯಿಲೆಯಲ್ಲ, ಪೊರೆ ಬಿಡುವ ಸೂಚನೆ. ಆಗ ಮುಟ್ಟದೆ, ಪಾಚಿಯ ಡಬ್ಬಿಯನ್ನು ತೇವವಾಗಿಡಿ. ಬಿಟ್ಟ ಪೊರೆಯನ್ನು ಎಸೆಯುವ ಮುನ್ನ ಮೇಜಿನ ಮೇಲೆ ಹರಡಿ ತುದಿಯಿಂದ ತುದಿಯವರೆಗೆ ನೋಡಿ. ತಲೆಯ ಭಾಗದಲ್ಲಿ ಕನ್ನಡಕದ ಗಾಜಿನಂತಹ ಎರಡು ಕಣ್ಣಿನ ಮುಚ್ಚಳಗಳು ಇರಬೇಕು, ಬಾಲ ಚೂಪಾಗಿ ಮುಗಿದಿರಬೇಕು, ನಡುವೆ ತುಂಡಾಗಿರಬಾರದು. ಚೂರು ಚೂರಾಗಿ ಬಂದಿದ್ದರೆ ಗೂಡು ಒಣಗಿದೆ ಎಂದೇ ಅರ್ಥ. ಬಾಲದ ತುದಿಯಲ್ಲಿ ಉಳಿದ ಉಂಗುರವನ್ನು ಎಳೆಯದೆ, ಬೆಚ್ಚನೆಯ ಒದ್ದೆ ಬಟ್ಟೆಯ ನಡುವೆ ಹಾವು ತಾನೇ ಹರಿದು ಹೋಗುವಂತೆ ಬಿಟ್ಟರೆ ಅದು ಕಳಚಿಕೊಳ್ಳುತ್ತದೆ. ಕಣ್ಣಿನ ಮುಚ್ಚಳ ಉಳಿದಿದ್ದರೆ ನೀವು ಕೈ ಹಾಕಬೇಡಿ, ವೈದ್ಯರೇ ತೆಗೆಯಲಿ.